ನೆನೆಸದ ಬಟ್ಟೆ

“ಯಜಮಾನ್ರೇ, ಈ ಬಟ್ಟೇನ ಒಂದ್ಸಲ ನೀರಲ್ಲಿ ಅದ್ದಿ ಒಣಗಿಸ್ಬಿಡ್ತೀನಿ. ಆಮೇಲೆ ಕತ್ತರಿ ಹಾಕೋಣ,” ಎಂದ ದರ್ಜಿ ಮೆಲ್ಖಿಯೋರ್, ಟೋಪಿ ಕೈಯಲ್ಲಿ ಹಿಡಿದು.

ಮೇಯರ್ ಯೋಬ್ಸ್ಟ್ ಹಾರ್ಟ್‌ಲೀಬ್ ನಕ್ಕ. ಆ ನಗೆಗೆ ನದಿಯ ಮೀನುಗಳು ಆಚೆ ದಡಕ್ಕೆ ಓಡಿದವು. ಅವನ ಹೊಟ್ಟೆ ಬೀದಿಯ ತಿರುವಿನಲ್ಲಿ ಕಾಣಿಸಿ, ಜನ ಒಂದು ಲೋಟ ಬಿಯರ್ ಕುಡಿದು ಮುಗಿಸಿದ ಮೇಲೆ ಅವನ ಮುಖ ಕಾಣಿಸುತ್ತಿತ್ತು.

“ನೆನೆಸಿದ್ರೆ ಕುಗ್ಗುತ್ತೆ ಕಣೋ. ಅಷ್ಟು ಮೊಳ ಎಳೆದು ಉದ್ದ ಮಾಡಿದ್ದು ನಿನ್ನ ತೊಟ್ಟೀಲಿ ಮುಳುಗ್ಸೋಕಾ?”

“ಅದು ಅಪೊಲೋನಿಯಾ ನೇಯ್ದಿದ್ದು, ಯಜಮಾನ್ರೇ. ಅವಳು ಅಂದಿದ್ದು...”

“ಅವಳೀಗ ಬೂದಿ. ಬೂದಿ ಕಚ್ಚುತ್ತೇನೋ?”

ಯೋಬ್ಸ್ಟ್ ಹೊರಗಿನವನು. ಬಟ್ಟೆ ವ್ಯಾಪಾರಿಯೊಬ್ಬನ ವಿಧವೆಯನ್ನು ಕಟ್ಟಿಕೊಂಡು, ಮೊದಲು ಅಂಗಡಿಗೆ, ಆಮೇಲೆ ಮೇಯರ್ ಕುರ್ಚಿಗೆ ಏರಿದವನು. ಅಪೊಲೋನಿಯಾಳ ಉಣ್ಣೆ ಬಟ್ಟೆ ಕಂಡರೆ ಜೇಡಗಳು ನಾಚಿ ಬಲೆ ಬಿಚ್ಚಿಕೊಳ್ಳುತ್ತಿದ್ದವು. ಅಳತೆ ಕಮ್ಮಿ ಎಂದು ಸುಳ್ಳು ಹೇಳಿ ಅವನು ಅದನ್ನು ಕಿತ್ತುಕೊಂಡ. ಸಂತೆಯಲ್ಲಿ ನಿಂತು ಅವಳು ಬೈದದ್ದಕ್ಕೆ ಮಾಟಗಾತಿ ಎಂದು ಹಿಡಿಸಿದ. ಪುರಭವನದ ನೆಲಮಾಳಿಗೆಯಲ್ಲಿ ಮುದುಕಿಯ ಕೈಕಾಲಿಗೆ ಹಗ್ಗ ಕಟ್ಟಿ ಎಳೆದರು. ಅದೇ ಹೊತ್ತಿಗೆ ಕೋಟೆಯಾಚೆ ಅವಳ ಬಟ್ಟೆಯನ್ನು ಚೌಕಟ್ಟಿನ ಕೊಕ್ಕೆಗಳಿಗೆ ಸಿಕ್ಕಿಸಿ ಎಳೆದರು. ಎರಡೂ ಒಂದೇ ದನಿಯಲ್ಲಿ ನರಳಿದವು.

“ಎಳೆಯೋ,” ಅಂದಿದ್ದಳು ಅವಳು. “ಒಂದು ಮಳೆ ಬೀಳ್ಲಿ. ನನ್ನ ಬಟ್ಟೆ ನನ್ನ ಅಳತೆಗೆ ಬರುತ್ತೆ. ಒಳಗಿರೋನ್ನೂ ಕರ್ಕೊಂಡು ಬರುತ್ತೆ.”

ಅವಳನ್ನು ಸುಟ್ಟ ಮೇಲೆ ಯೋಬ್ಸ್ಟ್ ಆ ಬಟ್ಟೆಗೆ ಊರಿನ ಸೀಸದ ಮುದ್ರೆಯನ್ನು ತಾನೇ ಒತ್ತಿದ. ಮುದ್ರೆಯಿದ್ದ ಬಟ್ಟೆಗೆ ತನ್ನ ಅಪ್ಪಣೆಯಿಲ್ಲದೆ ಕತ್ತರಿ ಹಾಕಿದವನ ಕೈ ಕಡಿಯಬೇಕೆಂಬ ಕಾನೂನೂ ಅವನದೇ. ಮೆಲ್ಖಿಯೋರ್ ಅಪ್ಪಣೆ ಪಡೆದು, ಒಣ ಬಟ್ಟೆಯಲ್ಲೇ ನಿಲುವಂಗಿ ಹೊಲಿದ. ಮುದ್ರೆ ಅಂಚಿನಲ್ಲಿ ನೇತಾಡಿತು.

ಮೇಯರ್ ವರ್ಷಕ್ಕೊಮ್ಮೆ ಹೊಸದಾಗಿ ಪ್ರಮಾಣ ಮಾಡುವ ಬೆಳಿಗ್ಗೆ, ಆ ನಿಲುವಂಗಿ ತೊಟ್ಟ ಯೋಬ್ಸ್ಟ್‌ನ ಮೆರವಣಿಗೆ ಚರ್ಚಿನಿಂದ ಹೊರಟಿತು. ಪ್ರಮಾಣ ಮುಗಿಯುವ ಮುನ್ನ ನಿಲುವಂಗಿ ಕಳಚಿದವನಿಗೆ ಕುರ್ಚಿಯಿಲ್ಲ, ಅದು ಆ ಊರಿನ ರೂಢಿ. ಆಕಾಶ ತೊಳೆದ ತಟ್ಟೆಯಂತಿತ್ತು. ಸಂತೆಯ ನಡುವೆ ಬಂದಾಗ ಒಂದು ಮೋಡ ಬಂತು, ಎಮ್ಮೆಯಷ್ಟು ದೊಡ್ಡದು, ಅಷ್ಟೇ ಕಪ್ಪು. ಮಳೆ ಅವನೊಬ್ಬನ ಮೇಲೆ ಸುರಿಯಿತು.

ನೆನೆದ ಉಣ್ಣೆಯ ವಾಸನೆ. ಅದರೊಳಗೆ ಸುಟ್ಟ ಕೂದಲಿನ ವಾಸನೆ.

ಕಂಕುಳು ಬಿಗಿಯಿತು. ಕಳಚಲೇ? ಕುರ್ಚಿ ನೆನಪಾಯಿತು. ಹಲ್ಲು ಕಚ್ಚಿ ನಡೆದ. ಎದೆ ಬಿಗಿಯಿತು. ಗುಂಡಿ ಬಿಚ್ಚಲು ಹೋದ. ತೋಳು ಏಳಲಿಲ್ಲ. ಹೊಲಿಗೆಗಳು ಹಗ್ಗದಂತೆ ಕಿರುಗುಟ್ಟಿದವು. ನೆಲಮಾಳಿಗೆಯಲ್ಲಿ ಕೇಳಿದ ಅದೇ ಸದ್ದು. ಒಂದು ಪಕ್ಕೆಲುಬು ಮುರಿಯಿತು. ಇನ್ನೊಂದು. ಮೊಣಕಾಲು ಮಡಚಿಕೊಂಡಿತು. ಬಟ್ಟೆ ಒಳಗೆ ಎಳೆಯಿತು. ಇನ್ನೂ ಎಳೆಯಿತು.

“ಮೆಲ್ಖಿಯೋರ್... ಕತ್ತರಿ...”

ದರ್ಜಿ ಓಡಿಬಂದ. ಬಗ್ಗಿದ. ಕತ್ತರಿ ಬಾಯಿ ತೆರೆಯಿತು. ಅಂಚಿನಲ್ಲಿ ಸೀಸ ಮಿನುಗಿತು.

“ಮುದ್ರೆ ಇದೆ, ಯಜಮಾನ್ರೇ. ಅಪ್ಪಣೆ ಕೊಡಿ.”

ಯೋಬ್ಸ್ಟ್ ಬಾಯಿ ತೆರೆದ. ಕೊರಳುಪಟ್ಟಿ ಮುಚ್ಚಿತು.

ಮೆಲ್ಖಿಯೋರ್ ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಟೋಪಿ ತೆಗೆದು, ಎಲ್ಲ ಮುಗಿಯುವವರೆಗೆ ವಿನಯದಿಂದ ಕಾದು ನಿಂತ. ಆಮೇಲೆ ಅಳತೆಕೋಲು ತಂದು ನಿಲುವಂಗಿ ಅಳೆದ. ಮುದುಕಿ ನೇಯ್ದ ಅಳತೆಗೆ ಒಂದು ಎಳೆ ಹೆಚ್ಚಿರಲಿಲ್ಲ, ಒಂದು ಎಳೆ ಕಮ್ಮಿಯಿರಲಿಲ್ಲ.

ಮೇಯರನ್ನು ತೊಟ್ಟಿಲಿನಷ್ಟು ಪೆಟ್ಟಿಗೆಯಲ್ಲಿ ಹೂಳಿದರು. ಅದರಲ್ಲೂ ಜಾಗ ಉಳಿದಿತ್ತು.