ಕುಲಶೇಖರದ ಸುಟ್ಟ ಮೋಟರ್

"ಟೀಚರ್, ನನ್ನ ತಮ್ಮನ ಹೆಸರು ಹಾಳಾಯಿತು. ನೀವೊಮ್ಮೆ ಬರಬೇಕು."

ಇಷ್ಟು ಹೇಳುವಷ್ಟರಲ್ಲಿ ಝೈನಬ್ ಎರಡು ಸಲ ಕುಳಿತು ಎದ್ದಿದ್ದಳು. ಅವಳು ಬಲ್ಮಠದ ತಾಂತ್ರಿಕ ಶಾಲೆಯೊಂದರ ಟೈಪಿಸ್ಟ್. ಅಲ್ಲಿ ಎಲೆಕ್ಟ್ರಿಕಲ್ ಕಲಿಸುತ್ತಿದ್ದ ಶಶಿಪ್ರಭಾ ಟೀಚರ್ ಬಿಡಿಸಿದ ಒಗಟುಗಳು ಒಂದೆರಡಲ್ಲ. ಪ್ರತಿಸಲವೂ ಜೊತೆಗೆ ಹೋದವಳು ಝೈನಬ್. ಈ ಸಲದ ಸಂಕಟ ಅವಳ ಮನೆಯದೇ.

ಅದು ೧೯೮೬. ಕುಲಶೇಖರದ ಸರ್ವೋತ್ತಮ ಶೆಟ್ಟರ ವರ್ಕ್‌ಶಾಪಿಗೆ, ಕಬ್ಬಿಣ ಕಡೆಯುವ ಲೇತಿನ ಹಳೆಯ ಟೂಲ್ ಚೇಂಜರ್ ಬಂದಿತ್ತು. ನಾಲ್ಕು ಟೂಲುಗಳನ್ನು ತಾನೇ ತಿರುಗಿಸಿ ಕೊಡುವಂಥದ್ದು. ಹೆಸರಿನ ತಗಡಿಲ್ಲ, ನಕ್ಷೆಯಿಲ್ಲ. ಅಲ್ಲಿ ಕೆಲಸಕ್ಕಿದ್ದ ಝೈನಬಳ ತಮ್ಮ ರವೂಫ್ ಮುಚ್ಚಳದೊಳಗೆ ಅಚ್ಚೊತ್ತಿದ್ದ ಗುರುತಿನಿಂದ ಅದರ ಜಾತಿ ಗುರುತಿಸಿ, ಎಂಟು ದಿನ ಬ್ಯಾಟರಿ, ಬಲ್ಬು ಹಿಡಿದು ಒಂದೊಂದೇ ವಯರ್ ಪತ್ತೆಮಾಡಿ ಜೋಡಿಸಿದ್ದ. ನಿನ್ನೆ ಹನ್ನೆರಡಕ್ಕೆ ಶೆಟ್ಟರ ಎದುರು ಅದು ಸರಿಯಾಗಿ ತಿರುಗಿತು. ಊಟದ ನಂತರ ಸ್ವಿಚ್ ಹಾಕಿದರೆ ಮೋಟರ್ ಗುಂಯ್‌ಗುಟ್ಟಿ ಸುಟ್ಟಿತು. ಶೆಟ್ಟರು ರವೂಫನನ್ನು ಹೊರಹಾಕಿದರು. ಸೋಮವಾರ ಅವನಿಗೆ ಗಲ್ಫ್ ಕೆಲಸದ ಸಂದರ್ಶನ, ಅದಕ್ಕೆ ಬೇಕಾದ ಅನುಭವಪತ್ರವನ್ನೂ ಕೊಡಲಿಲ್ಲ.

ವರ್ಕ್‌ಶಾಪಿನಲ್ಲಿ ಟೀಚರ್ ಮೊದಲು ಟೂಲ್ ಚೇಂಜರಿನ ವಯರ್ ಪೆಟ್ಟಿಗೆ ನೋಡಿದರು. ಸ್ಕ್ರೂಗಳ ಮೇಲೆ ರವೂಫ್ ಇಟ್ಟಿದ್ದ ಕೆಂಪು ಪೈಂಟಿನ ಬೊಟ್ಟು ಒಡೆದಿರಲಿಲ್ಲ; ಅವನು ಜೋಡಿಸಿದ ಮೇಲೆ ಯಾರೂ ಅವನ್ನು ಬಿಚ್ಚಿಲ್ಲ. ಮೂಲೆಯಲ್ಲಿ ಮುದುಕ ಆಂಬ್ರೋಸ್ ಡ್ರಿಲ್ಲಿಂಗ್ ಮೆಷಿನ್ನಿಗೆ ಬಯ್ಯುತ್ತಿದ್ದ.

"ಎಂತ ಆಯ್ತು?"

"ನಿನ್ನೆ ಮಧ್ಯಾಹ್ನದಿಂದ ಬಿಟ್ ಕೊರೆಯುವುದೇ ಇಲ್ಲ ಟೀಚರ್. ಎರಡು ಸಲ ಸಾಣೆ ಹಿಡಿದೆ. ಒಂದೂವರೆಗೆ ಹತ್ತು ನಿಮಿಷ ಕರೆಂಟ್ ಬೇರೆ ಹೋಗಿತ್ತು."

ಎದುರಿನ ಹೋಟೆಲಿನವರು ಮಾತ್ರ ಕರೆಂಟ್ ಹೋಗಿಯೇ ಇರಲಿಲ್ಲ ಎಂದರು. ಅಂದರೆ ಹೋದದ್ದು ವರ್ಕ್‌ಶಾಪಿನದಷ್ಟೆ. ಮೇನ್ ಸ್ವಿಚ್ಚಿನ ಪೆಟ್ಟಿಗೆಗೆ ಬೀಗವಿತ್ತು. ಒಂದು ಕೀ ಶೆಟ್ಟರ ಕಿಸೆಯಲ್ಲಿ. ಅವರು ಆ ಹೊತ್ತು ಕಾಟಿಪಳ್ಳದಲ್ಲಿದ್ದರು. ಇನ್ನೊಂದು ಅವರ ಅಕ್ಕನ ಮಗ, ಮ್ಯಾನೇಜರ್ ಚಿತ್ತರಂಜನನಲ್ಲಿ.

"ಕೀ ನಾನು ಯಾರಿಗೂ ಕೊಡಲಿಲ್ಲ," ಎಂದ ಅವನು. "ಊಟಕ್ಕೆ ಹೋದವ ಎರಡು ಗಂಟೆಗೆ ಬಂದದ್ದು."

ಟೀಚರ್ ಶೆಟ್ಟರು, ಚಿತ್ತರಂಜನ, ಹೊರಗೆ ಬಾಗಿಲ ಬಳಿ ನಿಂತಿದ್ದ ರವೂಫ್, ಎಲ್ಲರನ್ನೂ ಡ್ರಿಲ್ಲಿನ ಸುತ್ತ ಕರೆದರು. ಟೀಚರ್ ಮೆಷಿನ್ ಓಡಿಸಿ ನಿಲ್ಲಿಸಿದರು. ಬಿಟ್ ನಿಧಾನವಾಗುತ್ತ ಬಂತು.

"ಯಾವ ಕಡೆಗೆ ತಿರುಗ್ತಾ ಉಂಟು?"

"ಉಲ್ಟಾ," ಎಂದ ಆಂಬ್ರೋಸ್, ಮೆಲ್ಲಗೆ.

"ಮೂರು ಫೇಸಿನ ಕರೆಂಟಿನಲ್ಲಿ ಎರಡು ವಯರ್ ಅದಲು ಬದಲಾದರೆ ಮೋಟರ್ ಉಲ್ಟಾ ಓಡ್ತದೆ. ಡ್ರಿಲ್ ಕೊರೆಯುವುದಿಲ್ಲ. ಟೂಲ್ ಚೇಂಜರ್ ತಿರುಗುವ ಬದಲು, ಟೂಲು ಅಲುಗದಂತೆ ಹಿಡಿಯುವ ತನ್ನ ಲಾಕಿಗೇ ಒತ್ತಿ ನಿಂತು ಸುಡ್ತದೆ. ಎರಡೂ ಒಟ್ಟಿಗೆ ಕೆಟ್ಟಿವೆ ಎಂದರೆ ತಪ್ಪು ರವೂಫನ ಪೆಟ್ಟಿಗೆಯಲ್ಲಿಲ್ಲ, ಮೇನಿನಲ್ಲಿ ಉಂಟು. ಶೆಟ್ರೆ, ಬೀಗ ತೆಗೆಯಿರಿ."

ಒಳಗೆ ಎರಡು ವಯರ್ ಹೊಸದಾಗಿ ಹೊಳೆಯುತ್ತಿದ್ದವು.

"ನಿನ್ನೆ ಒಂದೂವರೆಗೆ ಇದನ್ನು ಹಾಕಿದವರ ಹತ್ತಿರ ಕೀ ಇರಲೇಬೇಕು. ಶೆಟ್ರ ಕೀ ಕಾಟಿಪಳ್ಳದಲ್ಲಿತ್ತು."

ಚಿತ್ತರಂಜನ ತಲೆ ತಗ್ಗಿಸಿದ. "ವಯರ್ ಕರ್ರಗಾಗಿತ್ತು ಮಾಮ. ಮೇನ್ ಮುಟ್ಟಬೇಡ ಅಂತ ನೀವು ಹೇಳಿದ್ದಿರಿ. ಬೇಗ ಬದಲಿಸಿಬಿಟ್ಟೆ. ಅದಲು ಬದಲಾದದ್ದು ಮೋಟರ್ ಸುಟ್ಟ ಮೇಲೆ ಗೊತ್ತಾಯಿತು. ಹೇಳಲಿಕ್ಕೆ ಹೆದರಿಕೆಯಾಯಿತು."

"ರವೂಫನನ್ನು ನಾನು ಹೊರಗೆ ಹಾಕುವಾಗ ನೀನು ಇಲ್ಲೇ ನಿಂತಿದ್ದೆಯಲ್ಲ," ಎಂದರು ಶೆಟ್ಟರು.

ಶೆಟ್ಟರು ತಾವೇ ಅನುಭವಪತ್ರ ಬರೆದು ಸಹಿ ಹಾಕಿ ರವೂಫನಿಗೆ ಕೊಟ್ಟರು. "ಗಲ್ಫ್ ಯಾಕೆ ಮಾರಾಯ, ಇಲ್ಲೇ ಇರು. ಸಂಬಳ ಜಾಸ್ತಿ ಮಾಡ್ತೇನೆ."

ರವೂಫ್ ಕಾಗದ ಮಡಚಿ ಕಿಸೆಗಿಟ್ಟ. "ನಿನ್ನೆ ನಾನೂ ಇದನ್ನೇ ಹೇಳಿದ್ದೆ ಶೆಟ್ರೆ, ಹನ್ನೆರಡರ ಮೇಲೆ ವಯರ್ ನಾನು ಮುಟ್ಟಲಿಲ್ಲ ಅಂತ. ಮೋಟರ್ ರಿಪೇರಿ ಮಾಡಿ ಜೋಡಿಸಿಕೊಡ್ತೇನೆ. ಆಮೇಲೆ ನಾನು ಇಲ್ಲಿ ನಿಲ್ಲುವುದಿಲ್ಲ."

ಅವನು ಸ್ಪ್ಯಾನರ್ ಹಿಡಿದು ಸುಟ್ಟ ಮೋಟರಿನ ಎದುರು ಕೂತ. ಝೈನಬ್ ಅವನ ಪಕ್ಕ ಹೋಗಿ ನಿಂತಳು. ಅವನು ಅದನ್ನು ಬಿಚ್ಚಿ ಮುಗಿಸುವ ತನಕ ಕದಲಲಿಲ್ಲ.