ಅವಳು ಕತ್ತರಿಸಿದ ಕಿರುಚಾಟ

ಛಟೀರ್!

ಕೆನ್ನೆಗೆ ಬಿದ್ದ ಏಟಿಗೆ ಇಡೀ ಸ್ಟುಡಿಯೋ ತಿರುಗಿ ನೋಡಿತು. ವಿಡಿಯೋ ಎಡಿಟ್ ಮಾಡುವ ನಮ್ಮ ಹುಡುಗಿಗೆ ಕೋಪ ಮೂಗಿನ ತುದೀಲೇ!

"ನನ್ನ ಅಣ್ಣನ ವಿಡಿಯೋ ಎಲ್ಲಿ? ಹೆಸರು ಕಾಣಿಸ್ತಿದೆ, ತೆರೆದ್ರೆ ಒಳಗೆ ಏನೂ ಇಲ್ಲ! ಯಾರನ್ನ ಕೇಳಿ ಅಳಿಸಿದೆ?"

ಅವಳ ಅಣ್ಣ ದುಡಿಯುತ್ತಿದ್ದ ಕಾರ್ಖಾನೆಯ ಮಾಲೀಕ ಕಬ್ಬಿಣದ ರಾಡಿನಿಂದ ಅವನ ಬೆನ್ನು ಮುರಿದಿದ್ದ. ಅಲ್ಲಿಗೆ ಜಾಹೀರಾತು ಶೂಟಿಂಗಿಗೆ ಹೋಗಿದ್ದ ಇವಳ ಕ್ಯಾಮೆರಾದಲ್ಲಿ ಅದು ಸೆರೆಯಾಗಿತ್ತು. ಅಣ್ಣ ಇನ್ನೂ ಹಾಸಿಗೆ ಬಿಟ್ಟು ಎದ್ದಿಲ್ಲ. ಕೋರ್ಟಿಗೆ ತೋರಿಸೋಕೆ ಇದ್ದದ್ದು ಅದೊಂದೇ.

"ಅಳಿಸಿಲ್ಲ, ಮೇಡಂ..." ಅಂದ ಅವನು. ಸ್ಟುಡಿಯೋದ ಫೈಲುಗಳನ್ನು ಕಾಯೋಕೆ ಹೊಸದಾಗಿ ಬಂದವನಿಗೆ ಆಗಲೇ ಭಂಡಾರಿ ಅಂತ ಅಡ್ಡಹೆಸರು ಬಿದ್ದಿತ್ತು. "ದೊಡ್ಡ ಫೈಲು ಇಲ್ಲಿ ಇಡಲ್ಲ. ಇಲ್ಲಿರೋದು ಬರೀ ಗುರುತು, ಅಸಲು..."

ಮಾತು ಮುಗಿಯಲಿಲ್ಲ. ಗಾಜಿನ ಬಾಗಿಲು ಪುಡಿಪುಡಿಯಾಯಿತು! ಮಾಲೀಕನ ಕಡೆಯ ಮೂವರು ರಾಡು ಹಿಡಿದು ನುಗ್ಗಿದರು. ಕಂಪ್ಯೂಟರು, ಡಿಸ್ಕು, ಏನೂ ಉಳಿಸಲಿಲ್ಲ. ಒಬ್ಬ ಅವಳ ಕೂದಲು ಹಿಡಿದೆಳೆದ. ಅವಳ ಮೇಲೆ ಎತ್ತಿದ ರಾಡಿಗೆ ಭಂಡಾರಿ ಹೆಗಲೊಡ್ಡಿದ.

"ವಿಡಿಯೋ ಬೇರೆ ಎಲ್ಲಿಟ್ಟಿದ್ದೀಯಾ? ಬೊಗಳೋ!"

"ಅಳಿಸಿಬಿಟ್ಟೆ," ಅಂದ ನೋವು ನುಂಗುತ್ತಾ. "ಅದಕ್ಕೇ ಇವರು ಈಗ ತಾನೇ ಹೊಡೆದ್ರು. ಕೆನ್ನೆ ನೋಡಿ."

ಐದೂ ಬೆರಳು ಮೂಡಿದ್ದವು! ಪುಂಡರು ಬಿದ್ದು ಬಿದ್ದು ನಕ್ಕರು. ಹೋಗುವಾಗ ಅವನ ಬಲಗೈ ಮುರಿದೇ ಹೋದರು.

'ಪಾಪಿ, ನಿಜವಾಗ್ಲೂ ಅಳಿಸಿದ್ದಾನಾ? ಮತ್ತೆ ನನಗೋಸ್ಕರ ಯಾಕೆ ಏಟು ತಿಂದ?' ಅವಳ ಎದೆ ಹೊತ್ತಿ ಉರಿಯಿತು.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವನೇ ಅವನು ಕೇಳಿದ್ದು ಲ್ಯಾಪ್‌ಟಾಪ್. ಗೆಳತಿಯದನ್ನು ತಂದು, ಅವನು ಹೇಳಿದ ಹಾಗೆ ಅವಳು ಟೈಪ್ ಮಾಡಿದಳು. ಬೇರೆ ಊರಲ್ಲಿಟ್ಟಿದ್ದ ಫೈಲು ಇಳಿದು ಬಂತು!

ಅವಳ ಮುಖ ಅರಳಿ, ಮರುಕ್ಷಣವೇ ಬಾಡಿತು.

"ಇದರಲ್ಲಿ ಮಾಲೀಕನ ಬೆನ್ನಷ್ಟೇ ಇದೆ... ನನ್ನ ಕಿರುಚಾಟ ಕೇಳೋಕಾಗದೆ ಆ ಭಾಗ ಕತ್ತರಿಸಿ ಸೇವ್ ಮಾಡಿದ್ದೆ. ಅದರ ಜೊತೆ ಅವನ ಮುಖಾನೂ ಹೋಯ್ತು! ನಾನೇ ಹಾಳು ಮಾಡಿದೆ..."

"ಅಯ್ಯೋ, ನೀವು ಕತ್ತರಿಸಿದ್ರೆ ಹಳೇದು ಎಲ್ಲಿಗೆ ಹೋಗುತ್ತೆ? ಪ್ರತಿ ಸಲ ಸೇವ್ ಮಾಡಿದಾಗಲೂ ಹಿಂದಿನದನ್ನ ಹಾಗೇ ಇಟ್ಟಿದ್ದೀನಿ. ಮೊದಲನೇದನ್ನ ಕರೆಸಿ."

ಅದೂ ಬಂತು. 'ಅಣ್ಣಾ...!' ಅವಳದೇ ಚೀತ್ಕಾರ. ಅದಕ್ಕೆ ಬೆಚ್ಚಿ, ರಾಡು ಎತ್ತಿದ್ದ ಮಾಲೀಕ ಕ್ಯಾಮೆರಾದ ಕಡೆ ತಿರುಗಿದ್ದ. ಮುಖ ನಿಚ್ಚಳವಾಗಿತ್ತು.

ವಕೀಲರಿಗೆ ಅದನ್ನು ಕಳಿಸಿ ಅವಳು ಬಿಕ್ಕಿ ಬಿಕ್ಕಿ ಅತ್ತಳು.

"ಎಲ್ಲಿದೆ ಅಂತ ಹೇಳಿದ್ರೆ ಬಿಡ್ತಿದ್ರಲ್ಲ..."

"ಹೇಳಿದ್ರೆ ಅಲ್ಲಿಗೂ ಹೋಗ್ತಿದ್ರು. ಬೇರೆ ಎರಡು ಕಡೆ ಪ್ರತಿ ಇದೆ ಅಂತ ಖಾತ್ರಿಯಾಗದೆ ನಾನು ಸ್ಟುಡಿಯೋದಿಂದ ಏನನ್ನೂ ತೆಗೆಯಲ್ಲ, ಮೇಡಂ. ಅವೆರಡೂ ಉಳೀಬೇಕಿತ್ತು."

"ಮತ್ತೆ ನಿಮ್ಮ ಪ್ರತಿ? ನಿಮಗೇನಾದ್ರೂ ಆಗಿದ್ರೆ ಇನ್ನೊಬ್ಬರನ್ನ ನಾನು ಎಲ್ಲಿಂದ ಕರೆಸಲಿ? ನೀವು ನನಗೆ ಬೇಕು ಕಣ್ರೀ...!"

ಅವಳು ಕೈಯನ್ನು, ತಾನು ಹೊಡೆದ ಕೆನ್ನೆಯ ಮೇಲಿಟ್ಟಳು.

"ಇನ್ನೂ ಉರೀತಿದೆಯಾ?"

"ಕೈ ತೆಗೀಬೇಡಿ... ನಿಧಾನವಾಗಿ ಹೇಳ್ತೀನಿ."