ಗಾಜಿನ ಅಂಚಿನ ಕಂದು ಬಣ್ಣ

"ಓಹೋ, ಮದುಮಗಳು ಬಂದ್ರು! ಗಂಡನ ಮನೆ ಇಷ್ಟು ಬೇಗ ಬೇಜಾರಾಯ್ತಾ?"

ಮೈಕ್ರೋಸ್ಕೋಪಿನಿಂದ ಕಣ್ಣೆತ್ತದೆಯೇ ಅವನು ಚುಚ್ಚಿದ. ಆರು ವಾರಗಳ ನಂತರದ ಮೊದಲ ಮಾತು!

ಅವಳು ಎರಡು ಗಾಜಿನ ಸ್ಲೈಡ್ ಹಿಡಿದು ಮೇಜಿನ ಬಳಿ ಬಂದಳು. ಗಡ್ಡೆಯ ಚೂರುಗಳನ್ನು ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಕೂರಿಸಿ ಬಣ್ಣ ಹಾಕುವುದು ಆ ಲ್ಯಾಬಿನಲ್ಲಿ ಅವಳ ಕೆಲಸ. ಅದನ್ನು ನೋಡಿ ವರದಿ ಬರೆಯುವ ಡಾಕ್ಟರ್ ಅವನು. ಅವನ ದಪ್ಪ ಕನ್ನಡಕಕ್ಕೆ ಅವಳೇ ಇಟ್ಟ ಹೆಸರು, ಗೂಬೆ. ಮೂರು ವರ್ಷದ ಪ್ರೀತಿ... "ಮನೇಲಿ ಗಂಡು ನೋಡಿದ್ದಾರೆ, ನನ್ನ ಮರೆತುಬಿಡು" ಎಂದು ಒಂದು ಬೆಳಿಗ್ಗೆ ರಜೆ ಹಾಕಿ ಹೋದವಳೂ ಅವಳೇ.

"ಈ ಎರಡು ಸ್ಲೈಡ್ ಸ್ವಲ್ಪ ಬೇಗ ನೋಡಿ, ಸರ್."

ಸರ್! ಅವನು ಗಾಜನ್ನು ಕಿತ್ತುಕೊಂಡಂತೆ ತೆಗೆದುಕೊಂಡ.

ಅವಳ ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆ ಒಂದು ಗಿಳಿಯೊಳಗಿತ್ತು. 'ನನ್ನದು ಇವನ ಬೆರಳುಗಳ ನಡುವೆ ಇದೆಯಲ್ಲ ಅಜ್ಜೀ...'

"ಗರ್ಭಕೋಶದ ಸ್ನಾಯುವಿನ ಕ್ಯಾನ್ಸರ್. ಅಪರೂಪದ್ದು, ಮಹಾ ಕೆಟ್ಟದ್ದು," ಅವನು ಗೊಣಗಿದ. "ಹಾರ್ಮೋನ್ ಹಿಡಿಯೋ ರಿಸೆಪ್ಟರ್ ಇದ್ದಿದ್ರೆ ಸ್ವಲ್ಪ ನಿಧಾನ ಆಗೋದೇನೋ, ಮಾತ್ರೆಗಾದ್ರೂ ಬಗ್ಗೋದೇನೋ. ಎರಡು ಸ್ಲೈಡಲ್ಲೂ ಅದರ ಕಂದು ಬಣ್ಣ ಇಲ್ಲ. ಪಾಪ, ಯಾರೋ ಏನೋ."

"ಇದೆ! ಕಂದು ಬಣ್ಣ ಬಂದಿದೆ ಸರ್, ನಾನೇ ಕಣ್ಣಾರೆ ನೋಡಿದೀನಿ!"

"ಎಲ್ಲಿ?"

"ಅಂಚಲ್ಲಿ... ಎಷ್ಟು ಚೆನ್ನಾಗಿ ಹಿಡಿದಿದೆ..."

ಅವನು ಮೊದಲ ಸಲ ತಲೆಯೆತ್ತಿದ.

"ಅದು ಕಂಟ್ರೋಲ್ ಅಲ್ವೇನೇ?"

ಬಣ್ಣ ಸರಿಯಾಗಿ ಕೆಲಸ ಮಾಡಿದೆಯೇ ಎಂದು ತಿಳಿಯಲು ಪ್ರತಿ ಗಾಜಿನ ಅಂಚಿಗೂ ಬೇರೆಯವರ ಆರೋಗ್ಯವಂತ ಗರ್ಭಕೋಶದ ಒಂದು ಚೂರು ಕೂರಿಸುವುದು ಅಲ್ಲಿನ ಪದ್ಧತಿ. ಬೆಳಿಗ್ಗೆ ಅದನ್ನು ಕೂರಿಸಿದ್ದು ಅವಳದೇ ಕೈ! ಯಾರದೋ ಬದುಕಿನ ಬಣ್ಣವನ್ನು ತನ್ನದೆಂದು ಇಡೀ ಮಧ್ಯಾಹ್ನ ಎದೆಗೆ ಅವುಚಿಕೊಂಡಿದ್ದಳು.

"ಎಂಟು ವರ್ಷದಲ್ಲಿ ಒಂದು ದಿನಾನೂ ನೀನು ಈ ತಪ್ಪು ಮಾಡಿಲ್ಲ." ಅವನ ದನಿ ಇಳಿಯಿತು. "ಯಾರದಿದು? ಫಾರಂ ಎಲ್ಲಿ?"

ಅವಳ ಕೈ ಕೋಟಿನ ಜೇಬನ್ನು ಒತ್ತಿ ಹಿಡಿಯಿತು. ಅವನು ಎದ್ದು ಬಂದು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

ಅವಳ ಹೆಸರು. ವಯಸ್ಸು ಮೂವತ್ತೊಂದು. ಬೇರೆ ಊರಿನ ಆಸ್ಪತ್ರೆಯಲ್ಲಿ ಆಪರೇಷನ್ ಆದ ತಾರೀಖು, ಅವಳು ರಜೆ ಹಾಕಿ ಹೋದ ಮರುದಿನ!

"ಗಂಡು...?"

"ಸುಳ್ಳು."

"ನನಗ್ಯಾಕೆ ಹೇಳಲಿಲ್ಲ?"

"ಬೇರೆಯವರಿಗಾದ್ರೆ ಹೇಳಬಹುದಿತ್ತು ಕಣೋ, ಸಮಾಧಾನ ಮಾಡ್ತಿದ್ರು. ನಿನಗೆ ಎಲ್ಲಾ ಗೊತ್ತು. ನಿನ್ನ ಮುಖ ನೋಡಿದ್ರೆ ನನಗೆಷ್ಟು ದಿನ ಅಂತ ತಿಳಿದುಹೋಗುತ್ತೆ... ಅದಕ್ಕೇ ಹೆದರಿದೆ."

ಅವನು ಅಪ್ಪಿಕೊಳ್ಳಲಿಲ್ಲ. ಫಾರಮನ್ನು ಮೇಜಿಗೆ ಬಡಿದ.

"ಆರು ವಾರ ನಿನ್ನ ಬೈಕೊಂಡೇ ಬದುಕಿದೆ! ನಮಗಿರೋದೇ ಇಷ್ಟು... ಅದರಲ್ಲೂ ಆರು ವಾರ ಕದ್ದುಬಿಟ್ಯಲ್ಲೇ!"

ಅವನು ಮತ್ತೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟ. ಮೂಲೆ ಮೂಲೆ ಹುಡುಕಿದ. ಎಲ್ಲೆಲ್ಲೂ ತಣ್ಣನೆಯ ನೀಲಿ, ಕಂದಿನ ಸುಳಿವಿಲ್ಲ. ಕೊನೆಗೆ ಕನ್ನಡಕ ತೆಗೆದು ಒರೆಸಿಕೊಂಡ, ಒದ್ದೆಯಾಗಿದ್ದು ಗಾಜಲ್ಲ.

"ಇದಕ್ಕೆ ನಾನು ಸಹಿ ಹಾಕಲ್ಲ. ದೊಡ್ಡ ಡಾಕ್ಟರ್ ನೋಡಲಿ. ನನ್ನ ಕಣ್ಣೂ ಈಗ ನಿನ್ನ ಹಾಗೇ ಅಂಚಿಗೇ ಓಡ್ತಿದೆ."

"ಲೋ ಗೂಬೆ..." ಅವಳು ಅವನ ತೋಳು ಹಿಡಿದಳು. "ಇನ್ನೊಂದ್ಸಲ ಬಣ್ಣ ಹಾಕ್ಲಾ?"

"ಹಾಕು. ನಾನೂ ಪಕ್ಕದಲ್ಲೇ ನಿಂತಿರ್ತೀನಿ."

"ಬಣ್ಣ ಬರದಿದ್ರೆ?"

"ಬರಲ್ಲ ಕಣೇ." ಅವನು ಅವಳ ಹಣೆಗೆ ಹಣೆ ತಾಗಿಸಿದ. "ಬರಲ್ಲ ಅಂತ ಗೊತ್ತಿದ್ದೇ ನಿಂತಿರ್ತೀನಿ."